ಮಳೆ ರಜೆ, ನಾಲ್ಕು ಮೊಟ್ಟೆ ಮತ್ತು ಒಂದು ಸೈನ್ಸ್ ಕಿಟ್

ಜೂನ್ 1ರಿಂದ ಜುಲೈ 31ರ ತನಕ ಉಡುಪಿಯ ಮಲ್ಪೆಯಲ್ಲಿ ಮೀನು ಹಿಡಿಯುವ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯವರು ಮಾತ್ರ ಹೋಗಿ ಬರುತ್ತಾರೆ. ಬೋಟ್ ಇಲ್ಲ ಅಂದ ಮೇಲೆ ಐಸ್ ಕೇಳುವವರೂ ಕಡಿಮೆ. ನಾನು ಐಸ್ ಪ್ಲಾಂಟಿನಲ್ಲಿ ಆಪರೇಟರ್, ಹದಿನಾರು ವರ್ಷ ಆಯ್ತು. ಉಳಿದ ಹತ್ತು ತಿಂಗಳು ಮನೆಯವರು ನನ್ನನ್ನು ನೋಡುವುದು ನಾನು ಮಲಗಿರುವಾಗ ಮಾತ್ರ. ಈ ಎರಡು ತಿಂಗಳು ಸ್ವಲ್ಪ ಪುರುಸೊತ್ತು.

ಈ ಸಲ ಆ ಪುರುಸೊತ್ತಿಗೆ ಸರಿಯಾಗಿ ಮಗಳಿಗೊಂದು ಸೈನ್ಸ್ ಕಿಟ್ ತಂದೆ. ಅವಳು ಎಂಟನೇ ಕ್ಲಾಸು, ಕನ್ನಡ ಮೀಡಿಯಂ, ಸರ್ಕಾರಿ ಶಾಲೆ. ಉಡುಪಿ ಸಿಟಿ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ 1,450 ರೂಪಾಯಿ. ಕಂಪೆನಿ ಹೆಸರು ಬರೆಯುವುದಿಲ್ಲ. ಇಂಥ ಪೆಟ್ಟಿಗೆ ನಾಲ್ಕೈದು ಕಂಪೆನಿಯದ್ದು ಅಲ್ಲೇ ಸಾಲಾಗಿ ಇಟ್ಟಿದ್ದರು. ಮೇಲೆ ಬರೆದ ಪಟ್ಟಿ ನೋಡಿದರೆ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಹಾಗಾಗಿ ನಾನು ಹೇಳುವುದು ಬೇರೆಯದಕ್ಕೂ ಹೊಂದೀತು.

ಒಳಗೆ ಏನೇನು ಉಂಟು ಅಂದ್ರೆ: ಒಂದು ಥರ್ಮಾಮೀಟರ್, ಮೂರು ಟೆಸ್ಟ್ ಟ್ಯೂಬ್, ನೂರು ಎಂಎಲ್‌ನ ಅಳತೆ ಜಾಡಿ, ಲೋಲಕಕ್ಕೆ ಪ್ಲಾಸ್ಟಿಕ್ ಗುಂಡು ಮತ್ತು ದಾರ, ಸಣ್ಣ ಸ್ಟಾಪ್‌ವಾಚ್, ದಿಕ್ಸೂಚಿ, ಎರಡು ಆಯಸ್ಕಾಂತ, ತಾಮ್ರದ ತಂತಿ, ಬಲ್ಬು, ಸೆಲ್ ಹಾಕುವ ಡಬ್ಬಿ, ಲೆನ್ಸು, ಪ್ಲಾಸ್ಟಿಕ್ ಪ್ರಿಸಂ, ಲಿಟ್ಮಸ್ ಕಾಗದ, ಪೊಟ್ಟಣದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್. ಜೊತೆಗೊಂದು ಪುಸ್ತಕ. ಸಾಮಾನು ಪರವಾಗಿಲ್ಲ. ಅಳತೆ ಜಾಡಿಯ ಗೆರೆಗಳು ಉಜ್ಜಿದರೂ ಹೋಗಲಿಲ್ಲ. ಸ್ಟಾಪ್‌ವಾಚ್ ಸರಿಯಾಗಿಯೇ ಓಡುತ್ತದೆ, ಮೊಬೈಲ್ ಜೊತೆ ಹಚ್ಚಿ ನೋಡಿದೆವು.

ತಕರಾರು ಇರುವುದು ಪುಸ್ತಕದ ಮೇಲೆ.

ಮೊದಲನೆಯದು, ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ. ಕನ್ನಡದ ಒಂದಕ್ಷರ ಇಲ್ಲ. ಕ್ಯೂಆರ್ ಕೋಡ್ ಒತ್ತಿದರೆ ಬರುವ ವಿಡಿಯೋ ಕೂಡ ಹಿಂದಿ. ನಾನು ಪಿಯುಸಿವರೆಗೆ ಓದಿದವನು, ಇಂಗ್ಲಿಷ್ ಕಷ್ಟಪಟ್ಟು ಓದುತ್ತೇನೆ. ಅದು ಹೋಗಲಿ, ಓದಿ ಹೇಳಬಹುದು. ಎರಡನೆಯದು ದೊಡ್ಡ ತಪ್ಪು. ಪ್ರತಿ ಪ್ರಯೋಗದ ಕೆಳಗೆ ಒಂದು ಕೋಷ್ಟಕ ಉಂಟು. ಒಂದು ಸಾಲಿನಲ್ಲಿ ನೀವು ಕಂಡದ್ದನ್ನು ಬರೆಯಬೇಕು. ಪಕ್ಕದ ಸಾಲಿನಲ್ಲಿ ಬರಬೇಕಾದ ಉತ್ತರ ಮೊದಲೇ ಅಚ್ಚು ಹಾಕಿದ್ದಾರೆ!

ಮಗಳು ಮೊದಲ ದಿನ ಏನು ಮಾಡಿದಳು ಗೊತ್ತಾ? ಡಿಸಿಯವರು ಮಳೆಗೆ ರಜೆ ಕೊಟ್ಟಿದ್ದ ದಿನ. ಬೆಳಿಗ್ಗೆ ಹತ್ತಕ್ಕೆ ಪೆಟ್ಟಿಗೆ ಬಿಚ್ಚಿದಳು, ಹನ್ನೊಂದೂವರೆಗೆ ಆರು ಪ್ರಯೋಗ ಮುಗಿದಿತ್ತು. ಪುಸ್ತಕ ತಂದು ತೋರಿಸಿದಳು. ಎಲ್ಲಾ ಸರಿ. ಕರಗುವ ಐಸ್ 0 ಡಿಗ್ರಿ, ಕುದಿಯುವ ನೀರು 100 ಡಿಗ್ರಿ, ಲೋಲಕ ಹತ್ತು ಸಲ ಆಡಿದ್ದು ಸರಿಯಾಗಿ 20 ಸೆಕೆಂಡು. ಗ್ಯಾಸ್ ಒಲೆ ಹತ್ತಿಸಿರಲೇ ಇಲ್ಲ.

"ನೀರು ಎಲ್ಲಿ ಕುದಿಸಿದೆ?" ಕೇಳಿದೆ.

"ಅದು ನೂರು ಅಂತ ಗೊತ್ತುಂಟಲ್ಲ ಪಪ್ಪ. ಸುಮ್ನೆ ಗ್ಯಾಸ್ ಯಾಕೆ?"

ಬೈಯಲು ಬಾಯಿ ಬರಲಿಲ್ಲ. ಯಾಕಂದ್ರೆ ಇದೇ ಕೆಲಸ ನಾನೂ ಮಾಡಿದ್ದೆ.

ಪ್ಲಾಂಟಿಗೆ ಸೇರಿದ ಹೊಸತು. ನಮ್ಮಲ್ಲಿ ನೀರು ತುಂಬಿದ ತಗಡಿನ ಕ್ಯಾನುಗಳನ್ನು ದೊಡ್ಡ ಟ್ಯಾಂಕಿನ ಬ್ರೈನಿನಲ್ಲಿ ಇಳಿಸುತ್ತೇವೆ. ಬ್ರೈನ್ ಅಂದ್ರೆ ಗಟ್ಟಿ ಉಪ್ಪುನೀರು. ಅಮೋನಿಯಾ ಅದರ ಬಿಸಿ ಎಳೆದುಕೊಳ್ಳುತ್ತದೆ. ಬ್ರೈನ್ ಮೈನಸ್ 9, ಮೈನಸ್ 10ಕ್ಕೆ ಇಳಿದರೂ ಹೆಪ್ಪುಗಟ್ಟುವುದಿಲ್ಲ, ಆದರೆ ಕ್ಯಾನಿನೊಳಗಿನ ಸಿಹಿನೀರು ಗಟ್ಟಿಯಾಗುತ್ತದೆ. ಗಂಟೆಗೊಮ್ಮೆ ಹೋಗಿ ಬ್ರೈನಿನ ಟೆಂಪರೇಚರ್, ಅಮೋನಿಯಾ ಪ್ರೆಶರ್ ನೋಡಿ ಲಾಗ್‌ಬುಕ್ಕಿನಲ್ಲಿ ಬರೆಯಬೇಕು. ಒಂದು ರಾತ್ರಿ ನಾನು ಮಲಗಿಬಿಟ್ಟೆ. ಬೆಳಗಿನ ಜಾವ ಎದ್ದು ಹನ್ನೊಂದರಿಂದ ಐದರವರೆಗೆ ಸಾಲಾಗಿ ಮೈನಸ್ 9 ಗೀಚಿದೆ. ಯಾವತ್ತೂ ಅಷ್ಟೇ ಇರುತ್ತಿತ್ತಲ್ಲ. ಆ ರಾತ್ರಿ ಬ್ರೈನ್ ತಿರುಗಿಸುವ ಫ್ಯಾನಿನ ಬೆಲ್ಟ್ ಜಾರಿತ್ತು. ಬೆಳಿಗ್ಗೆ ಬ್ಲಾಕ್ ಎತ್ತಿದರೆ ಹೊರಗೆ ಐಸು, ನಡುವೆ ನೀರು. ಮೇಸ್ತ್ರಿ ಲಾಗ್‌ಬುಕ್ ಹಿಡಿದುಕೊಂಡು ಎಲ್ಲರೆದುರು ಗಟ್ಟಿಯಾಗಿ ಓದಿದರು. ಮೈನಸ್ 9, ಮೈನಸ್ 9, ಮೈನಸ್ 9. "ಇದು ಟೆಂಪರೇಚರಾ ಮಾರಾಯಾ, ನಿನ್ನ ರೋಲ್ ನಂಬರಾ?"

ಈ ಕಥೆ ಮಗಳಿಗೆ ಹೇಳಿದೆ. ನಕ್ಕಳು. ಆಮೇಲೆ ನಾವಿಬ್ಬರೂ ಕೂತು ಆ ಪುಸ್ತಕದ ಉತ್ತರದ ಸಾಲಿಗೆಲ್ಲ ಹಳೇ ಕ್ಯಾಲೆಂಡರಿನ ಕಾಗದ ಕತ್ತರಿಸಿ ಅಂಟಿಸಿದೆವು. ಪ್ಲಾಂಟಿನ ಲಾಗ್‌ಬುಕ್ಕಿನ ಹಾಗೇ ಗೆರೆ ಎಳೆದ ಒಂದು ನೋಟ್‌ಬುಕ್ ಮಾಡಿದೆವು. ತಾರೀಕು, ಗಂಟೆ, ಏನಾಗಬಹುದು ಅಂತ ಊಹೆ, ಕಂಡದ್ದು. ರಬ್ಬರ್ ಬಳಸುವ ಹಾಗಿಲ್ಲ. ತಪ್ಪಾದರೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೆಯುವುದು. ಕಿಟ್ಟಿನ ನಿಜವಾದ ವಿಮರ್ಶೆ ಇಲ್ಲಿಂದ ಶುರು.

ಥರ್ಮಾಮೀಟರ್ ಮೊದಲು. ಪುಡಿ ಐಸಿಗೆ ಸ್ವಲ್ಪ ನೀರು ಹಾಕಿ ಚೆನ್ನಾಗಿ ಕಲಸಿ, ಹತ್ತು ನಿಮಿಷ ಇಟ್ಟು ನೋಡಿದರೆ 2 ಡಿಗ್ರಿ. ಮಗಳಿಗೆ ಸಿಟ್ಟು, ಹಾಳು ಥರ್ಮಾಮೀಟರ್ ಕೊಟ್ಟಿದ್ದಾರೆ ಅಂತ. ನೀರು ಕುದಿಸಿ ಹಿಡಿದರೆ 102. ನಮ್ಮ ಮನೆ ಕಡಲಿನ ಮಟ್ಟದಲ್ಲೇ ಇರುವುದು, ಇಲ್ಲಿ ನೀರು ನೂರರ ಹತ್ತಿರವೇ ಕುದಿಯಬೇಕು. ಆಗುಂಬೆಗೆ ಹೋದರೆ ಸುಮಾರು 98ಕ್ಕೇ ಕುದಿಯುತ್ತದೆ, ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ. ನೂರಕ್ಕಿಂತ ಮೇಲೆ ಹೋಗಲು ಮಲ್ಪೆಯಲ್ಲಂತೂ ಕಾರಣ ಇಲ್ಲ.

ಕೆಳಗೂ ಎರಡು ಜಾಸ್ತಿ, ಮೇಲೂ ಎರಡು ಜಾಸ್ತಿ. ಸ್ವಲ್ಪ ಹೊತ್ತು ಯೋಚಿಸಿ ಅವಳೇ ಹೇಳಿದಳು, "ಹಾಗಾದ್ರೆ ಎಲ್ಲಾ ಸಲ ಎರಡು ಕಳೆದ್ರೆ ಆಯ್ತಲ್ಲ." ಸರಿ. ನಮ್ಮ ಪ್ಲಾಂಟಿನ ಮೆಕ್ಯಾನಿಕ್ ವರ್ಷಕ್ಕೊಮ್ಮೆ ಗೇಜುಗಳಿಗೆ ಮಾಡುವುದೂ ಇದೇ. ಹಾಗಾಗಿ ಈ ಥರ್ಮಾಮೀಟರನ್ನು ನಾನು ದೂರುವುದಿಲ್ಲ. ಆದರೆ ಬಳಸುವ ಮೊದಲು ಐಸಿನಲ್ಲಿ ಹಿಡಿದು ನೋಡಿ ಅಂತ ಪುಸ್ತಕದಲ್ಲಿ ಒಂದು ಸಾಲು ಹಾಕಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅದರ ಬದಲು ಸೊನ್ನೆ ಅಂತ ಅಚ್ಚು ಹಾಕಿ ಕೂತಿದ್ದಾರೆ.

ಮುಂದೆ ಐಸಿಗೆ ಉಪ್ಪು ಹಾಕುವ ಪ್ರಯೋಗ. ಇದು ನನ್ನ ಏರಿಯಾ ಅಲ್ವಾ, ಸ್ವಲ್ಪ ಜಂಬದಿಂದಲೇ ಕೂತೆ. ಮೂರು ಪಾಲು ಪುಡಿ ಐಸು, ಒಂದು ಪಾಲು ಪುಡಿ ಮಾಡಿದ ಕಲ್ಲುಪ್ಪು. ಕಿಟ್ಟಿನ ಥರ್ಮಾಮೀಟರಿನಲ್ಲಿ ಕೆಂಪು ಗೆರೆ ಸರಸರ ಇಳಿದು ಮೈನಸ್ 10 ದಾಟಿ ಬುಡದ ಗುಂಡಿನೊಳಗೆ ಹೋಗಿ ಕೂತಿತು. ಅದರ ಅಳತೆ ಮುಗಿಯುವುದೇ ಮೈನಸ್ 10ಕ್ಕೆ. ಪುಸ್ತಕದ ಉತ್ತರ, ಆಮೇಲೆ ಕಾಗದ ಎತ್ತಿ ನೋಡಿದೆವು, ಮೈನಸ್ 5 ಅಂತ ಇತ್ತು. ಪ್ಲಾಂಟಿನಿಂದ ಹಳೇ ಥರ್ಮಾಮೀಟರ್ ಒಂದನ್ನು ಕೇಳಿ ತಂದು ಮತ್ತೆ ಮಾಡಿದಾಗ ಮೈನಸ್ 16 ಬಂತು. ಈ ಪ್ರಯೋಗ ಕಿಟ್ಟಿನಲ್ಲಿ ಹಾಕುವವರು ಅದಕ್ಕೆ ತಕ್ಕ ಥರ್ಮಾಮೀಟರನ್ನೂ ಹಾಕಬೇಕು. ಮೂವತ್ತು ಗ್ರಾಂ ಉಪ್ಪು ಜಾಸ್ತಿ ಬಿದ್ದರೆ ಹೇಗೋ ಅಂತ ಒಮ್ಮೆಯಾದರೂ ಮಾಡಿ ನೋಡಿಲ್ಲ ಅಂತ ಕಾಣುತ್ತದೆ.

ಮಗಳ ಪ್ರಶ್ನೆ ಇನ್ನೂ ಚೆನ್ನಾಗಿತ್ತು. ಉಪ್ಪು ಹಾಕಿದ ಕೂಡಲೇ ಐಸ್ ಬೇಗ ಬೇಗ ಕರಗಿತು. ಕರಗುವುದು ಅಂದ್ರೆ ಬಿಸಿ ಆದದ್ದು ತಾನೆ? ಹಾಗಾದರೆ ಮೊದಲಿಗಿಂತ ತಣ್ಣಗೆ ಆದದ್ದು ಹೇಗೆ? ಹದಿನಾರು ವರ್ಷ ಬ್ರೈನ್ ಪಕ್ಕದಲ್ಲಿ ನಿಂತವನಿಗೆ ಥಟ್ಟನೆ ಹೇಳಲು ಬರಲಿಲ್ಲ. ರಾತ್ರಿ ಅವಳ ಸೈನ್ಸ್ ಪುಸ್ತಕ ತೆಗೆದು, ಮೊಬೈಲಿನಲ್ಲೂ ಹುಡುಕಿ ಓದಿದೆ. ಐಸ್ ಕರಗಬೇಕಾದರೆ ಅದಕ್ಕೆ ಬಿಸಿ ಬೇಕು. ಒಂದು ಗ್ರಾಂ ಐಸಿಗೆ 80 ಕ್ಯಾಲೊರಿ. ಅಂದರೆ ಒಂದು ಕೆಜಿ ಐಸನ್ನು ಬರೀ ಕರಗಿಸಲು ಬೇಕಾದ ಬಿಸಿಯಲ್ಲಿ ಒಂದು ಕೆಜಿ ನೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಉಪ್ಪು ಬಿದ್ದ ಮೇಲೆ ಸೊನ್ನೆಯಲ್ಲೂ ಐಸ್ ಕರಗಲೇಬೇಕಾಗುತ್ತದೆ. ಅಷ್ಟು ಬಿಸಿ ಹೊರಗಿನಿಂದ ಬೇಗ ಸಿಗುವುದಿಲ್ಲ. ಹಾಗಾಗಿ ತನ್ನೊಳಗಿನದ್ದನ್ನೇ ತೆಗೆದುಕೊಳ್ಳುತ್ತದೆ, ಇಡೀ ಮಿಶ್ರಣ ತಣ್ಣಗಾಗುತ್ತಾ ಹೋಗುತ್ತದೆ. ಬೋಟಿನ ಸ್ಟೋರೇಜಿನಲ್ಲಿ ಬಂಗುಡೆ ಅಷ್ಟು ದಿನ ಉಳಿಯುವುದು ಇದೇ 80 ಕ್ಯಾಲೊರಿಯಿಂದ.

ಹುಡುಕುವಾಗ ಇನ್ನೊಂದು ಸಿಕ್ಕಿತು. ಫ್ಯಾರನ್‌ಹೀಟ್ ಸಾಹೇಬ 1724ರಲ್ಲಿ ತನ್ನ ಸೊನ್ನೆಯನ್ನು ಗುರುತು ಮಾಡಿದ್ದು ಐಸು, ನೀರು, ನವಸಾಗರ ಅನ್ನುವ ಒಂದು ಥರದ ಉಪ್ಪು ಬೆರೆಸಿದ ಮಿಶ್ರಣದಲ್ಲಿ. ಅವನೂ ಒಂದು ಲೆಕ್ಕದಲ್ಲಿ ನಮ್ಮ ಲೈನಿನವನೇ. ಸೆಲ್ಸಿಯಸ್ 1742ರಲ್ಲಿ ಅಳತೆ ಮಾಡಿದಾಗ ಕುದಿಯುವ ನೀರಿಗೆ ಸೊನ್ನೆ, ಐಸಿಗೆ ನೂರು ಇಟ್ಟಿದ್ದನಂತೆ. ಆಮೇಲೆ ತಿರುಗಿಸಿದರು. ಮಗಳಿಗೆ ಇದು ಬಹಳ ಖುಷಿ ಕೊಟ್ಟಿತು. "ಸೆಲ್ಸಿಯಸ್ ನಮ್ಮ ಪರೀಕ್ಷೆ ಬರೆದ್ರೆ ಫೇಲ್" ಅಂತ ಒಂದು ವಾರ ಹೇಳಿಕೊಂಡು ತಿರುಗಿದಳು.

ಈಗ ಮೊಟ್ಟೆ. ನನ್ನ ಪ್ರಕಾರ 1,450 ರೂಪಾಯಿ ವಸೂಲಾದದ್ದು ಈ ಒಂದರಲ್ಲೇ. ಮೊಟ್ಟೆ ಕಿಟ್ಟಿನಲ್ಲಿ ಬರುವುದಿಲ್ಲ ಅನ್ನುವುದು ಬೇರೆ ಮಾತು.

ಪುಸ್ತಕದಲ್ಲಿ ಎರಡು ಗ್ಲಾಸಿನ ಚಿತ್ರ. ಸಿಹಿನೀರಿನಲ್ಲಿ ಮೊಟ್ಟೆ ಮುಳುಗಿದೆ, ಉಪ್ಪುನೀರಿನಲ್ಲಿ ತೇಲುತ್ತಿದೆ. ಎಷ್ಟು ಉಪ್ಪು ಅಂತ ಬರೆದಿಲ್ಲ. ಮಗಳು ಹೇಳಿದಳು, ಕಡಲು ಇಲ್ಲೇ ಇರುವಾಗ ಉಪ್ಪು ಯಾಕೆ ಹಾಳು ಮಾಡುವುದು? ನೋಟ್‌ಬುಕ್ಕಿನಲ್ಲಿ ಊಹೆಯ ಸಾಲಿನಲ್ಲಿ ಬರೆದಳು: ಕಡಲ ನೀರಿನಲ್ಲಿ ಮೊಟ್ಟೆ ತೇಲುತ್ತದೆ, ಯಾಕಂದ್ರೆ ಅದು ಉಪ್ಪು. ನನಗೂ ಅದೇ ಸರಿ ಅನಿಸಿತ್ತು. ಬಂದರಿನ ಬದಿಯಿಂದ ಒಂದು ಕ್ಯಾನ್ ನೀರು ತಂದೆ. ಮೊಟ್ಟೆ ಬಿಟ್ಟರೆ ಸೀದಾ ತಳಕ್ಕೆ.

"ಪಪ್ಪ, ಈ ಮೊಟ್ಟೆ ಹಾಳಾಗಿದೆ."

ಒಳಗಿನಿಂದ ಅವಳಮ್ಮ ಹೇಳಿದಳು, "ಹಾಳಾದ್ದು ತೇಲುವುದು ಮಗಾ. ಮುಳುಗಿದ್ದು ಒಳ್ಳೇದು."

ಇಪ್ಪತ್ತು ವರ್ಷದಿಂದ ಅಡುಗೆಮನೆಯಲ್ಲಿ ಇದೇ ಪ್ರಯೋಗ ದಿನಾ ನಡೆಯುತ್ತಿತ್ತು, ನಮಗೆ ಗೊತ್ತಿರಲಿಲ್ಲ. ಮಗಳು ಹಠ ಬಿಡಲಿಲ್ಲ. ಎರಡನೇ ಊಹೆ: ಮಳೆಗಾಲ, ಹೊಳೆ ನೀರು ಬಂದರಿಗೆ ಬಂದು ಸೇರುತ್ತದೆ, ಹಾಗಾಗಿ ಉಪ್ಪು ಕಡಿಮೆ. ಮಾತು ಸರಿಯಾಗಿಯೇ ಉಂಟು. ನಾಡದೋಣಿಯ ನಮ್ಮ ಅಣ್ಣ ಒಬ್ಬರಿಗೆ ಹೇಳಿ ಸ್ವಲ್ಪ ಹೊರಗಿನ ನೀರು ಎರಡು ಬಾಟಲಿ ತರಿಸಿದೆ. ಅವರಿಗೆ ನಗು. "ಮೀನು ತರ್ಲಿಕ್ಕೆ ಹೇಳುದು ಬಿಟ್ಟು ನೀರು ತರ್ಲಿಕ್ಕೆ ಹೇಳ್ತಿಯಲ್ಲ ನೀನು!" ಅದರಲ್ಲೂ ಮೊಟ್ಟೆ ಮುಳುಗಿತು.

ಆಗ ಕೂತು ಲೆಕ್ಕ ಹಾಕಿದೆವು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಒಂದು ಲೀಟರ್ ಸಿಹಿನೀರು 1,000 ಗ್ರಾಂ ಆದರೆ ಕಡಲ ನೀರು ಸುಮಾರು 1,025 ಗ್ರಾಂ. ಮೊಟ್ಟೆ ಅಷ್ಟೇ ಜಾಗದ ಕಡಲ ನೀರಿಗಿಂತ ಭಾರ ಇದ್ದರೆ ಮುಳುಗಲೇಬೇಕು. ಪುಸ್ತಕದ ಚಿತ್ರದ "ಉಪ್ಪುನೀರು" ಕಡಲಿಗಿಂತ ಎಷ್ಟೋ ಗಟ್ಟಿ ಇರಬೇಕು. ಎಷ್ಟು? ಚಮಚ ಹಿಡಿದು ಕೂತಳು. ಅರ್ಧ ಲೀಟರ್ ಕಡಲ ನೀರು, ಒಂದೊಂದೇ ಟೀ ಚಮಚ ಉಪ್ಪು, ಪೂರ್ತಿ ಕರಗಿದ ಮೇಲೆ ಮೊಟ್ಟೆ ಬಿಡುವುದು, ನೋಡುವುದು, ಬರೆಯುವುದು. ಮುಳುಗಿತು. ಮುಳುಗಿತು. ಮುಳುಗಿತು. ಐದನೇ ಚಮಚಕ್ಕೆ ತಳದಲ್ಲೇ ಚೂಪು ಬದಿಯ ಮೇಲೆ ನೆಟ್ಟಗೆ ನಿಂತಿತು. ಆರನೆಯದಕ್ಕೆ ಮೆಲ್ಲ ಮೇಲೆ ಬಂತು, ಚಪ್ಪಟೆ ಬದಿ ಒಂದು ರೂಪಾಯಿ ನಾಣ್ಯದಷ್ಟು ಹೊರಗೆ ಕಾಣುವ ಹಾಗೆ. ಕೂಗಾಟ ಕೇಳಿ ಪಕ್ಕದ ಮನೆಯ ಅಕ್ಕ ಕೊಡೆ ಹಿಡಿದು ಓಡಿ ಬಂದರು, ಎಂತ ಆಯ್ತು ಅಂತ.

ಅವರೇ ಮರುದಿನ ತಮ್ಮ ಕೋಳಿ ಇಟ್ಟ ಮೊಟ್ಟೆ ಒಂದು ಕೊಟ್ಟರು, ಇದನ್ನೂ ತೇಲಿಸು ಅಂತ. ಅದು ಆರು ಚಮಚಕ್ಕೆ ಏಳಲಿಲ್ಲ. ಏಳಕ್ಕೂ ಇಲ್ಲ. ಎಂಟನೇ ಚಮಚ ಬೇಕಾಯಿತು.

ನೋಟ್‌ಬುಕ್ಕಿನ ಆ ಪುಟ ನನಗೆ ಬಹಳ ಇಷ್ಟ. ಮೊದಲಿನ ಸಾಲು, "ಮೊಟ್ಟೆ ತೇಲಲು 6 ಚಮಚ ಬೇಕು". ಅದಕ್ಕೊಂದು ಗೆರೆ. ಕೆಳಗೆ, "ಯಾವ ಮೊಟ್ಟೆ?" ಅಂಗಡಿಯ ಮೊಟ್ಟೆ ಎಷ್ಟು ಹಳೆಯದೋ. ದಿನ ಹೋದ ಹಾಗೆ ಚಿಪ್ಪಿನ ಸಣ್ಣ ತೂತುಗಳಿಂದ ಒಳಗಿನ ನೀರಿನಂಶ ಹೊರಗೆ ಹೋಗುತ್ತದೆ, ಒಳಗಿನ ಗಾಳಿಯ ಜಾಗ ದೊಡ್ಡದಾಗುತ್ತದೆ, ಮೊಟ್ಟೆ ಹಗುರ ಆಗುತ್ತದೆ. ಇದು ನಾನು ಹೇಳಿದ್ದಲ್ಲ, ಅವಳಮ್ಮ ಬೇಯಿಸಿದ ಹಳೇ ಮೊಟ್ಟೆ ಸುಲಿದು ಚಪ್ಪಟೆ ಬದಿಯ ಗುಳಿ ತೋರಿಸಿದಳು. ಹಾಗಾದರೆ ಉಪ್ಪು ಮತ್ತು ಮೊಟ್ಟೆ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಶಾಲೆಯಲ್ಲಿ ಟೀಚರ್ ಬೋರ್ಡಿನ ಮೇಲೆ ಬರೆಸಿದ್ದರಂತೆ, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಅಂತ. ಅದು ಆವತ್ತು ಬರೀ ನೋಟ್ಸ್ ಆಗಿತ್ತು. ಈಗ ಅಕ್ಕನ ಹತ್ತಿರ ಒಂದೇ ದಿನದ ಎರಡು ಮೊಟ್ಟೆ ಕೇಳಿ ತಂದಳು. ಒಂದನ್ನು ಆವತ್ತೇ, ಇನ್ನೊಂದನ್ನು ಹನ್ನೆರಡು ದಿನ ಇಟ್ಟು ನೋಡಿದಳು. ಎಂಟು, ಆರು.

ಕೊನೆಗೆ ಪ್ಲಾಂಟಿನಲ್ಲಿ ಹೊಸದಾಗಿ ಕಲಸಿದ ಬ್ರೈನ್ ಒಂದು ಬಾಟಲಿ ತಂದೆ. ಅದರ ಗಟ್ಟಿ ಅಳೆಯಲು ನಮ್ಮಲ್ಲಿ ಹೈಡ್ರೋಮೀಟರ್ ಉಂಟು, ಗಾಜಿನ ಕೊಳವೆ, ಬುಡದಲ್ಲಿ ಭಾರ. ಅದು ಎಷ್ಟು ಮುಳುಗುತ್ತದೆ ನೋಡಿ ಓದುವುದು. ಅವತ್ತು 1.15 ಇತ್ತು, ಅಂದರೆ ಲೀಟರಿಗೆ 1,150 ಗ್ರಾಂ. ಮೊಟ್ಟೆ ಬಿಟ್ಟ ಕೂಡಲೇ ಬೆಂಡಿನ ಹಾಗೆ ಕುಣಿಯಿತು. ಹೈಡ್ರೋಮೀಟರ್ ನೋಡಿ ಮಗಳು ಕೇಳಿದಳು, "ಇದೂ ಒಂದು ಮೊಟ್ಟೆಯೇ ಅಲ್ವಾ ಪಪ್ಪ, ನಂಬರ್ ಬರೆದದ್ದು?" ನಮ್ಮ ಮೆಕ್ಯಾನಿಕ್‌ಗೆ ಇದನ್ನು ಹೇಳಿದೆ. ಈಗ ಪ್ಲಾಂಟಿನಲ್ಲಿ ಅದಕ್ಕೆ ಮೊಟ್ಟೆ ಅಂತಲೇ ಹೆಸರು.

ಲೋಲಕದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಪ್ಲಾಸ್ಟಿಕ್ ಗುಂಡು ತೀರಾ ಹಗುರ, ಫ್ಯಾನ್ ಗಾಳಿಗೇ ಅಡ್ಡಾದಿಡ್ಡಿ ಹೋಗುತ್ತದೆ. ಅದರ ಜೊತೆ ಬಲೆಗೆ ಕಟ್ಟುವ ಸೀಸದ ಗುಂಡನ್ನೂ ಕಟ್ಟಿ ನೋಡಿದೆವು. ಒಂದು ಮೀಟರ್ ಉದ್ದ, ಇಪ್ಪತ್ತು ಸಲ ಹೋಗಿ ಬರಲು ಸುಮಾರು 40 ಸೆಕೆಂಡು, ಎರಡಕ್ಕೂ. ಭಾರದ್ದು ಬೇಗ ಆಡುತ್ತದೆ ಅಂತ ನಮ್ಮ ಮನೆಯಲ್ಲಿ ಮೂರೂ ಜನ ಊಹಿಸಿದ್ದೆವು. ಮೂರೂ ಜನ ಸೋತೆವು. ದಾರವನ್ನು ಕಾಲು ಮೀಟರಿಗೆ ಇಳಿಸಿದರೆ ಕಾಲು ಭಾಗ, ಅಂದರೆ 10 ಸೆಕೆಂಡು ಬರಬೇಕು ಅಂತ ಮಗಳ ಲೆಕ್ಕ. ಬಂದದ್ದು 20. ಉದ್ದ ಕಾಲಾದರೆ ಸಮಯ ಅರ್ಧ. ಒಂದು ಸಲ 38 ಬಂದದ್ದನ್ನು ಉಜ್ಜಿಹಾಕಲು ಕದ್ದು ರಬ್ಬರ್ ತಂದಿದ್ದಳು. ಹಿಡಿದೆ. 38, 41, 40, 40, ನಾಲ್ಕೂ ಪುಟದಲ್ಲಿ ಉಂಟು. ಬೆರಳು ಸ್ಟಾಪ್‌ವಾಚ್ ಒತ್ತುವುದು ಹಿಂದೆಮುಂದೆ ಆಗುತ್ತದೆ. ಅದಕ್ಕೇ ಒಂದು ಸಲ ಆಡಿದ್ದು ಅಳೆಯದೆ ಇಪ್ಪತ್ತು ಸಲದ್ದು ಅಳೆದು ಭಾಗಿಸುವುದು.

ಉಳಿದದ್ದರಲ್ಲಿ ಕೆಲವು ನಮ್ಮ ಊರಿನ ಮಳೆಗಾಲಕ್ಕೆ ಹೇಳಿಸಿದ್ದಲ್ಲ. ಪ್ರಿಸಂ ಹದಿನೇಳು ದಿನ ಡಬ್ಬಿಯಲ್ಲೇ ಇತ್ತು, ಬಿಸಿಲೇ ಇಲ್ಲ. ಲಿಟ್ಮಸ್ ಕಾಗದ ಥಂಡಿ ಹಿಡಿದು ಮೆತ್ತಗಾಯಿತು. ಮೊಳೆ ತುಕ್ಕು ಹಿಡಿಯುವ ಪ್ರಯೋಗದಲ್ಲಿ ಒಂದು ಟ್ಯೂಬಿನ ಗಾಳಿ ಒಣಗಿರಬೇಕು, ಅದಕ್ಕೇ ಕ್ಯಾಲ್ಸಿಯಂ ಕ್ಲೋರೈಡ್ ಪೊಟ್ಟಣ. ಬಿಚ್ಚಿ ನೋಡಿದರೆ ಅದು ಅಂಬಲಿಯ ಹಾಗೆ ಆಗಿತ್ತು. ಗಾಳಿಯ ನೀರನ್ನು ಹೀರುವುದೇ ಅದರ ಕೆಲಸ, ಅಂಗಡಿಯಲ್ಲಿ ಇದ್ದಾಗಲೇ ಕೆಲಸ ಮುಗಿಸಿಬಿಟ್ಟಿದೆ. ಪೊಟ್ಟಣಕ್ಕೆ ಸರಿಯಾಗಿ ಸೀಲ್ ಹಾಕದೆ ಕರಾವಳಿಯಲ್ಲಿ ಮಾರಲು ಕಳಿಸಿದವರಿಗೆ ಏನು ಹೇಳುವುದು! ಅಂಗಡಿಯವರಿಗೆ ತೋರಿಸಿದೆ. ಅವರು ಬೇರೆ ಪೆಟ್ಟಿಗೆಯಿಂದ ತೆಗೆದು ಕೊಟ್ಟರು, ಅದೂ ಅಂಬಲಿ.

ತಾಮ್ರದ ತಂತಿಯದ್ದು ಇನ್ನೊಂದು ಕಥೆ. ಮೊಳೆಗೆ ಐವತ್ತು ಸುತ್ತು ಸುತ್ತಿ ಸೆಲ್ಲಿಗೆ ಕೊಟ್ಟರೆ ಗುಂಡುಸೂಜಿ ಎತ್ತಬೇಕು. ಎತ್ತಲಿಲ್ಲ. ಬಲ್ಬೂ ಉರಿಯಲಿಲ್ಲ. ಮಗಳು ಅಳುವ ಹಾಗಾದಳು. ನೋಡಿದರೆ ಅದು ಮೋಟರ್ ಸುತ್ತುವ ಥರದ ತಂತಿ, ಮೇಲೆ ವಾರ್ನಿಷ್ ಉಂಟು. ತುದಿಯನ್ನು ಬ್ಲೇಡಿನಲ್ಲಿ ಕೆರೆದ ಮೇಲೆ ಹನ್ನೊಂದು ಗುಂಡುಸೂಜಿ ಎತ್ತಿತು. ತುದಿ ಕೆರೆಯಿರಿ ಅಂತ ಪುಸ್ತಕದಲ್ಲಿ ಇಲ್ಲ. ಜಾಸ್ತಿ ಹೊತ್ತು ಹಿಡಿದರೆ ಸೆಲ್ಲು, ತಂತಿ ಎರಡೂ ಬಿಸಿಯಾಗುತ್ತವೆ ಅಂತಲೂ ಇಲ್ಲ. ಮಕ್ಕಳನ್ನೇ ಬಿಟ್ಟು ಮಾಡಿಸುವವರು ಇದನ್ನು ಗಮನಿಸಿ.

ಹಾಂ, ಇನ್ನೊಂದು. "ಗೊತ್ತೇ ನಿಮಗೆ?" ಅನ್ನುವ ಥರದ ಪುಟದಲ್ಲಿ, ಕಡಲು ನೀಲಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಅಂತ ಬರೆದಿದ್ದಾರೆ. ನೂರು ವರ್ಷ ಹಳೇ ತಪ್ಪು. 1921ರಲ್ಲಿ ಸಿ. ವಿ. ರಾಮನ್ ಹಡಗಿನಲ್ಲಿ ವಾಪಸು ಬರುವಾಗ ಇದನ್ನೇ ಪರೀಕ್ಷೆ ಮಾಡಿದ್ದರು. ಕೈಯಲ್ಲಿದ್ದ ನಿಕೋಲ್ ಪ್ರಿಸಂ ಹಿಡಿದು ನೀರಿನ ಮೇಲಿಂದ ಬರುವ ಪ್ರತಿಬಿಂಬದ ಬೆಳಕನ್ನು ತಡೆದು ನೋಡಿದರು. ಆಕಾಶದ್ದೇ ಬಣ್ಣ ಆಗಿದ್ದರೆ ಆಗ ನೀಲಿ ಹೋಗಬೇಕಿತ್ತು. ಹೋಗಲಿಲ್ಲ, ಇನ್ನೂ ಗಾಢವಾಯಿತು. ನೀರೇ ಬೆಳಕನ್ನು ಚದುರಿಸುತ್ತದೆ, ಕೆಂಪನ್ನು ಹೀರಿಕೊಳ್ಳುತ್ತದೆ. ಊಹೆ, ಪರೀಕ್ಷೆ, ಕಂಡದ್ದು, ಮೂರೂ ಇರುವ ಇಂಥ ಕಥೆಯನ್ನು ಬಿಟ್ಟು ತಪ್ಪು ಉತ್ತರ ಅಚ್ಚು ಹಾಕಿದ್ದಾರೆ. ಜುಲೈಯಲ್ಲಿ ಮಲ್ಪೆ ಕಡಲು ಚಹಾದ ಬಣ್ಣಕ್ಕಿರುತ್ತದೆ, ಅದು ಬೇರೆ. ಹಿಂದಿನ ರಟ್ಟಿನ ಮೇಲೆ ವಿಜ್ಞಾನಿಗಳ ಫೋಟೋ ಹಾಕಿದ್ದಾರೆ, ಎಲ್ಲಾ ಹೊರದೇಶದವರೇ. ಇಲ್ಲೇ ಅದಮಾರಿನಲ್ಲಿ ಹುಟ್ಟಿ, 1975ರಲ್ಲಿ ಆರ್ಯಭಟ ಉಪಗ್ರಹ ಮೇಲೆ ಹೋಗುವಾಗ ಮುಂದೆ ನಿಂತವರು ಯು. ಆರ್. ರಾವ್. ಮಗಳು ಅವರ ಚಿತ್ರವನ್ನು ಪೇಪರಿನಿಂದ ಕತ್ತರಿಸಿ ಎಡಿಸನ್ ಮೇಲೆ ಅಂಟಿಸಿದ್ದಾಳೆ.

ಇದೇ ದುಡ್ಡಿಗೆ ಮಂಗಳೂರಿನ ಪಿಲಿಕುಳಕ್ಕೆ ಹೋಗಿ ಬರಬಹುದಲ್ಲ ಅಂತ ಕೆಲವರು ಕೇಳಿದರು. ಹೋಗಿದ್ದೇವೆ. ವಿಜ್ಞಾನ ಕೇಂದ್ರ ಚೆನ್ನಾಗಿದೆ, ಕೈಯಲ್ಲಿ ಮುಟ್ಟಿ ತಿರುಗಿಸಿ ನೋಡುವಂಥದ್ದು ಬೇಕಾದಷ್ಟು. 2018ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ತಾರಾಲಯವನ್ನಂತೂ ಮಕ್ಕಳಿಗೆ ತೋರಿಸಲೇಬೇಕು. ಆದರೆ ಅಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಮೊಟ್ಟೆ ಮುಳುಗಿ ಮನೆಮಂದಿ ಎಲ್ಲ ತಲೆ ಕೆರೆದುಕೊಳ್ಳುವುದು ಮನೆಯಲ್ಲೇ ಆಗಬೇಕು. ಎರಡೂ ಬೇಕು, ನನ್ನ ಕೇಳಿದರೆ.

ಕೊಳ್ಳುವುದಾ ಬೇಡವಾ? ಐದರಲ್ಲಿ ಮೂರು ಕೊಡುತ್ತೇನೆ. ಸಾಮಾನಿಗೆ ನಾಲ್ಕು, ಪುಸ್ತಕಕ್ಕೆ ಒಂದು, ಹೇಗೋ ಸೇರಿಸಿ ಮೂರು. 1,450 ಸ್ವಲ್ಪ ಜಾಸ್ತಿಯೇ. ಥರ್ಮಾಮೀಟರ್, ಅಳತೆ ಜಾಡಿ, ಟೆಸ್ಟ್ ಟ್ಯೂಬು, ಸ್ಟಾಪ್‌ವಾಚ್ ಬಿಟ್ಟರೆ ಉಳಿದದ್ದು ಮನೆಯಲ್ಲೂ ಗುಜರಿಯಲ್ಲೂ ಸಿಗುತ್ತದೆ. ಲ್ಯಾಬ್ ಸಾಮಾನು ಮಾರುವ ಅಂಗಡಿ ಗೊತ್ತಿದ್ದರೆ ಬಿಡಿಬಿಡಿಯಾಗಿ ಅರ್ಧ ಬೆಲೆಗೆ ಆಗುತ್ತದೆ. ಪೆಟ್ಟಿಗೆಯೇ ಬೇಕು, ಹುಟ್ಟುಹಬ್ಬಕ್ಕೆ ಕೊಡಬೇಕು ಅನ್ನುವವರು ಜನವರಿಯಲ್ಲಿ ಕೊಳ್ಳಿ. ಪ್ರಿಸಂಗೆ ಬಿಸಿಲು ಸಿಗುತ್ತದೆ, ಪೊಟ್ಟಣವೂ ಅಂಬಲಿ ಆಗಿರಲಿಕ್ಕಿಲ್ಲ. ಕೊಡುವ ಮೊದಲು ಉತ್ತರದ ಸಾಲಿನ ಮೇಲೆ ಕಾಗದ ಅಂಟಿಸಿ. ಬಿಳಿ ಕಾಗದ ಬೇಡ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಅದನ್ನೂ ಮಗಳೇ ಕಂಡುಹಿಡಿದದ್ದು.

ನಾಡಿದ್ದು ಬೋಟುಗಳು ಹೊರಡುತ್ತವೆ. ನನಗೆ ಮತ್ತೆ ರಾತ್ರಿ ಪಾಳಿ. ಮೊನ್ನೆ ಅವಳು ಪ್ಲಾಂಟಿಗೆ ಬಂದಾಗ ಬ್ಲಾಕಿನ ನಡುವೆ ಬೆಳ್ಳಗೆ ಯಾಕೆ, ಬದಿ ಮಾತ್ರ ಗಾಜಿನ ಹಾಗೆ ಯಾಕೆ ಅಂತ ಕೇಳಿದಳು. ನನಗೆ ಉತ್ತರ ಗೊತ್ತು, ಹೇಳಲಿಲ್ಲ. ಈಗ ಫ್ರಿಡ್ಜಿನ ಫ್ರೀಜರಿನಲ್ಲಿ ಎರಡು ಸ್ಟೀಲ್ ಲೋಟ ಕೂತಿವೆ, ಒಂದರಲ್ಲಿ ಕುದಿಸಿ ಆರಿಸಿದ ನೀರು, ಇನ್ನೊಂದರಲ್ಲಿ ನಳದ ನೀರು. ಬಾಗಿಲಿಗೆ ಆಯಸ್ಕಾಂತ ಒತ್ತಿ ನೋಟ್‌ಬುಕ್ಕಿನ ಹಾಳೆ ಸಿಕ್ಕಿಸಿದ್ದಾಳೆ. ಇವತ್ತು ಬೆಳಿಗ್ಗೆಯ ಸಾಲು ಹೀಗಿದೆ: "ಜುಲೈ 30, ಗಂಟೆ 7.20. ಎರಡೂ ಲೋಟ ಇನ್ನೂ ಪೂರ್ತಿ ಗಟ್ಟಿ ಆಗಿಲ್ಲ. ಕಾರಣ: ಅಮ್ಮ ಒಣಮೀನು ಹುಡುಕಲು ಬಾಗಿಲು ತೆರೆದು ಇಟ್ಟರು, 4 ನಿಮಿಷ."